ಸರಿ ಇರುವುದನ್ನು ಕೆಡಿಸುವ ಅಳಿಯ

ಕೆಟ್ಟುಹೋದದ್ದನ್ನು ರಿಪೇರಿ ಮಾಡುವ ಅಳಿಯಂದಿರು ಹಿರಿಯೂರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಏನೂ ಮಾಡದೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂರುವವರಂತೂ ಬೀದಿಗೊಬ್ಬರು. ಆದರೆ ಚೆನ್ನಾಗಿ ನಡೆಯುತ್ತಿರುವುದನ್ನು ಬೇಕೆಂದೇ ನಿಲ್ಲಿಸಿ, "ಈಗ ಏನಾಗ್ತೈತೆ ನೋಡಾಣ" ಎಂದು ಕೈಕಟ್ಟಿ ನಿಲ್ಲುವ ಅಳಿಯ ಇಡೀ ಜಿಲ್ಲೆಯಲ್ಲಿ ನನಗೊಬ್ಬನಿಗೇ ಸಿಕ್ಕಿರುವುದು! ಹುಡುಕಿ ತಂದವನೂ ನಾನೇ ಆದ್ದರಿಂದ ಯಾರನ್ನೂ ದೂರುವ ಹಾಗಿಲ್ಲ. ನಿಜ ಹೇಳಬೇಕೆಂದರೆ ಇದು ದೂರೇ ಅಲ್ಲ, ತಪ್ಪೊಪ್ಪಿಗೆ. ತಪ್ಪು ಯಾರದು ಎನ್ನುವುದನ್ನು ಸ್ವಲ್ಪ ತಡೆದು ಹೇಳುತ್ತೇನೆ. ಅಷ್ಟು ಸುಲಭವಾಗಿ ಒಪ್ಪಿಕೊಳ್ಳುವ ವಯಸ್ಸೇ ನನ್ನದು?

ಮಗಳು ಇಲ್ಲೇ ಹೈಸ್ಕೂಲಿನಲ್ಲಿ ಟೀಚರು. ಅಳಿಯನ ಕೆಲಸ ಎಲ್ಲಿ ಕೂತರೂ ನಡೆಯುವಂಥದ್ದು. ಹಾಗಾಗಿ ಹೊಸದುರ್ಗದ ಕಡೆಯ ಈ ಮಹಾನುಭಾವ ಕಂಪ್ಯೂಟರ್ ಸಮೇತ ಬಂದು ನಮ್ಮ ಮಹಡಿಯ ಕೋಣೆಯಲ್ಲಿ ನೆಲೆಸಿದ. ಬಂದ ಹೊಸದರಲ್ಲಿ ಕೇಳಿದೆ:

"ಅಳಿಯಂದ್ರೇ, ನಿಮ್ಮ ಕೆಲಸ ಅಂದ್ರೆ ಏನ್ರಿ?"

"ಸರ್ವರ್ ನೋಡ್ಕಳದು ಮಾವ. ನಿಮ್ ಗಿರಣ್ಯಾಗೆ ಜನಕ್ಕೆ ಕಾಣ್ತಿದ್ದಿದ್ದು ಮುಂದೆ ಬೀಳೋ ಹಿಟ್ಟು. ಹಿಂದುಗಡೆ ಬೆಲ್ಟು, ಮೋಟಾರು ತಿರುಗ್ತಿದ್ವಲ್ಲ, ನಾನು ಆ ಕಡೆಯವನು."

ಹಿಟ್ಟಿನ ಗಿರಣಿ ನಡೆಸಿಯೇ ಮುದುಕನಾದ ನನಗೆ ಇದು ಥಟ್ಟನೆ ಅರ್ಥವಾಯಿತು. "ಆ ಸರ್ವರ್ ಎಲ್ಲೈತೆ?"

"ಮುಂಬೈ ಕಡೆ ಐತಂತೆ. ನಾನೂ ನೋಡಿಲ್ಲ."

ನೋಡಿದಿರಾ! ಕಣ್ಣಿಂದ ಕಾಣದ ಮಿಷನ್ನಿಗೆ ಈತ ಮೆಕ್ಯಾನಿಕ್ಕು. ನಾನಾದರೆ ಬೆಲ್ಟ್ ಸುಡುವ ವಾಸನೆ ಬಂದರೆ ಊಟ ಬಿಟ್ಟು ಓಡುತ್ತಿದ್ದೆ. "ವಾಸನೆ ಬರಲ್ವಲ್ಲ, ಕೆಟ್ಟಿದ್ದು ಹೆಂಗೆ ಗೊತ್ತಾಗ್ತೈತೆ?" ಎಂದರೆ, ಆ ಮಿಷನ್ನು ತಾನು ಮಾಡಿದ್ದನ್ನೆಲ್ಲ ಕ್ಷಣಕ್ಷಣಕ್ಕೂ ತಾನೇ ಬರೆದಿಡುತ್ತದಂತೆ, ಅದಕ್ಕೆ ಲಾಗ್ ಎನ್ನುತ್ತಾರಂತೆ. ಮಾಡಿದ ತಪ್ಪನ್ನು ತಾನೇ ಬರೆದಿಡುವ ಪ್ರಾಣಿ! ಮನುಷ್ಯರಲ್ಲಿ ಅಂಥವರು ಅಪರೂಪ.

ಹೋಟೆಲಿನಲ್ಲಿ ಹಳೆಯ ಗೆಳೆಯನೊಬ್ಬ ಕೇಳಿದ, "ಮನೆ ಅಳಿಯನ್ನ ತಂದ್ಕಂಡೆಯಂತೆ. ಏನ್ ಕೆಲಸಪ್ಪ?"

"ಮುಂಬೈನಾಗಿರೋ ಮಿಷನ್ನನ್ನ ಇಲ್ಲಿಂದಲೇ ಕಾಯ್ತಾರೆ."

"ಓ, ವಾಚ್‌ಮನ್ನಾ?"

ನಾನು ತಲೆಯಾಡಿಸಿ ಟೀ ಕುಡಿದೆ. ಅದಕ್ಕಿಂತ ಚೆನ್ನಾಗಿ ವಿವರಿಸಲು ನನಗೂ ಬರುತ್ತಿರಲಿಲ್ಲ.

ಸರ್ವರನ್ನಷ್ಟೇ ಕಾದಿದ್ದರೆ ಯಾರದೇನು ಅಭ್ಯಂತರ? ಆತ ಮನೆಯನ್ನೂ ಕಾಯತೊಡಗಿದ. ಮೊದಲು ಮಹಡಿಯ ನೀರಿನ ಟ್ಯಾಂಕಿಗೆ ಏನೋ ಒಂದು ಡಬ್ಬಿ ಕಟ್ಟಿದ. ನೀರು ಕಡಿಮೆಯಾದರೆ ಮನೆಯವರೆಲ್ಲರ ಫೋನುಗಳೂ ಒಟ್ಟಿಗೆ ಕೂಗಬೇಕು. ಕೂಗಿದವು. ಎಲ್ಲಿ? ನಾವು ಹೊಳಲ್ಕೆರೆಯ ಬಂಧುವೊಬ್ಬರ ಮನೆಗೆ ಸಾವಿಗೆ ಮಾತಾಡಿಸಲು ಹೋಗಿ, ಮುಖ ಸಪ್ಪಗೆ ಮಾಡಿಕೊಂಡು ಸಾಲಾಗಿ ಕೂತಿದ್ದಾಗ! ಆಂಬುಲೆನ್ಸ್ ಬಂತೆಂದು ಇಬ್ಬರು ಬಾಗಿಲಿಗೆ ಓಡಿದರು. ಆ ಮನೆಗೆ ಇನ್ನು ಆಂಬುಲೆನ್ಸ್ ಯಾಕೆ ಎಂದು ಅವರಿಗೂ ಹೊಳೆಯಲಿಲ್ಲ, ಪಾಪ. ಡಬ್ಬಿ ಮರುದಿನವೇ ಟ್ಯಾಂಕಿನಿಂದ ಇಳಿಯಿತು. "ಎದ್ದು ಓಡಲೇಬೇಕಾದ್ದಕ್ಕೆ ಮಾತ್ರ ಕೂಗಬೇಕು ಮಾವ, ಇಲ್ದಿದ್ರೆ ಯಾರೂ ಕಿವಿಗೆ ಹಾಕ್ಕಳಲ್ಲ" ಎಂದು ಅಳಿಯ ಗಂಭೀರವಾಗಿ ಹೇಳಿದ. ಇದನ್ನು ಕಲಿಯಲು ಒಂದು ಸಾವಿನ ಮನೆ ಬೇಕಾಯಿತೇ?

ಬ್ಯಾಕಪ್ ಎಂಬ ಇನ್ನೊಂದು ವ್ರತವಿದೆ. ಎಲ್ಲದಕ್ಕೂ ಒಂದು ನಕಲು ಇರಬೇಕು. ಇದ್ದರೆ ಸಾಲದು, ಕೆಲಸ ಮಾಡುತ್ತದೋ ಇಲ್ಲವೋ ಪರೀಕ್ಷಿಸಿ ನೋಡಿರಬೇಕು. "ಮಾವ, ಮುಂಬಾಗಿಲಿಗೆ ಇನ್ನೊಂದು ಬೀಗದ ಕೈ ಐತಾ?" ಎಂದು ಕೇಳಿದ. ನಾನು ಹೆಮ್ಮೆಯಿಂದ, "ಬೀರುವಿನಾಗೆ ಭದ್ರವಾಗೈತೆ" ಎಂದೆ. "ಅದ್ರಿಂದ ಬೀಗ ತೆಗೆದು ನೋಡೀರಾ?" ಇದೆಂಥ ಪ್ರಶ್ನೆ! ಬೀಗದ ಕೈಯಿಂದ ಬೀಗ ತೆಗೆಯದೆ ಬೀರುವಿನಲ್ಲಿ ಇಡುತ್ತಾರೆಯೇ? ಬೀರುವಿನಿಂದ ತೆಗೆದು, ಅರಿಶಿನದ ಬಟ್ಟೆ ಬಿಚ್ಚಿ ಹಾಕಿ ನೋಡಿದರೆ ತಿರುಗಲೇ ಇಲ್ಲ. ಅದು ನಾನು ಎಂದೋ ಮಾರಿದ ಗಿರಣಿಯ ಬೀಗದ ಕೈ.

ಹೆಂಡತಿಗೆ ಮಾತ್ರ ಅಳಿಯನ ಮೇಲೆ ಅಪಾರ ಭಕ್ತಿ. ಅದಕ್ಕೆ ಕಾರಣ ಶುಕ್ರವಾರ. ಹಳೆಯ ಮಿಕ್ಸಿ ತೆಗೆದು ಹಾಕಿ ಹೊಸದನ್ನು ಕೂರಿಸಿಕೊಡಿ ಎಂದು ಅವಳು ಕೇಳಿದ್ದಕ್ಕೆ, "ಶುಕ್ರವಾರ ಇದ್ದಿದ್ದನ್ನ ತೆಗೆದು ಹಾಕಬಾರ್ದು ಅತ್ತೆ, ಸೋಮವಾರ ಮಾಡಾಣ" ಎಂದನಂತೆ. "ಇಷ್ಟು ಓದಿದ್ರೂ ಮನೆ ಲಕ್ಷ್ಮಿ ಮೇಲೆ ಎಂಥ ಭಯ ನೋಡ್ರಿ! ನೀವೂ ಇದೀರಿ!" ಎಂದು ನನಗೆ ಮಂಗಳಾರತಿಯಾಯಿತು. ಆಮೇಲೆ ಗುಟ್ಟಾಗಿ ವಿಚಾರಿಸಿದೆ. ಶುಕ್ರವಾರ ಏನನ್ನಾದರೂ ಬದಲಾಯಿಸಿ, ಅದು ಶನಿವಾರ ಕೆಟ್ಟರೆ, ಆಫೀಸಿನಲ್ಲಿ ಯಾರೂ ಇರುವುದಿಲ್ಲ. ಒಬ್ಬನೇ ಕೂತು ಭಾನುವಾರವೆಲ್ಲ ಒದ್ದಾಡಬೇಕು. ಲಕ್ಷ್ಮಿಗೂ ಇದಕ್ಕೂ ಸಂಬಂಧವೇ ಇಲ್ಲ! ಹೆಂಡತಿಗೆ ನಾನು ಇನ್ನೂ ಹೇಳಿಲ್ಲ. ಮನೆಯಲ್ಲಿ ಒಬ್ಬನಾದರೂ ಭಕ್ತನಿರಲಿ.

ಇನ್ನು ಕೆಡಿಸುವ ವಿಷಯಕ್ಕೆ ಬರುತ್ತೇನೆ. ಒಂದು ಭಾನುವಾರ ಬೆಳಿಗ್ಗೆ ಮೈತುಂಬ ಸೋಪು ಹಚ್ಚಿಕೊಂಡು ಬಚ್ಚಲಲ್ಲಿ ಕೂತಿದ್ದೇನೆ, ಗಕ್ಕನೆ ಕತ್ತಲೆ. "ಯಾವನ್ಲೇ ಅವ್ನು ಮೇನ್ ಸ್ವಿಚ್ ತೆಗ್ದಿದ್ದು?" ಎಂದು ಕೂಗಿದೆ. ಹೊರಗಿನಿಂದ ವಿನಯದ ದನಿ: "ನಾನೇ ಮಾವ. ಯುಪಿಎಸ್ ಕೆಲಸ ಮಾಡ್ತೈತಾ ಅಂತ ನೋಡ್ತಿದ್ದೆ." ಅಳಿಯ! ಮನೆಯ ಅಳಿಯನಿಗೆ 'ಲೇ' ಎಂದವನು ನಮ್ಮ ವಂಶದಲ್ಲೇ ಇರಲಿಲ್ಲ. ಸೋಪು ಕಣ್ಣಿಗಿಳಿದರೂ ತಡೆದುಕೊಂಡು, "ಓ, ನೀವೇನ್ರಿ? ನೋಡ್ರಿ, ನೋಡ್ರಿ, ಚೆನ್ನಾಗಿ ನೋಡ್ರಿ" ಎಂದೆ. ಯುಪಿಎಸ್ ಕೆಲಸ ಮಾಡಲಿಲ್ಲ. ಬ್ಯಾಟರಿಯಲ್ಲಿ ನೀರು ಒಣಗಿ ಯಾವ ಕಾಲವಾಗಿತ್ತೋ!

ನಿಜವಾಗಿ ಕರೆಂಟು ಹೋಗಿ ಒದ್ದಾಡುವುದಕ್ಕಿಂತ, ನಾವು ಎಚ್ಚರವಾಗಿರುವಾಗ ನಾವೇ ತೆಗೆದು ನೋಡುವುದು ವಾಸಿಯಂತೆ. ಅವನ ಆಫೀಸಿನಲ್ಲೂ ಹೀಗೆ ಚೆನ್ನಾಗಿರುವ ಸರ್ವರನ್ನು ಬೇಕೆಂದೇ ನಿಲ್ಲಿಸುತ್ತಾರಂತೆ, ಅವರ ಮಾತಿನಲ್ಲಿ 'ಬೀಳಿಸುತ್ತಾರಂತೆ'. ಅದಕ್ಕೆ ಸಂಬಳವನ್ನೂ ಕೊಡುತ್ತಾರಂತೆ!

ಆ ದಿನ ಅಳಿಯ ನಡುಮನೆಯಲ್ಲಿ ಕೂತು ಯೋಚಿಸತೊಡಗಿದ. ಈ ಮನೆಯಲ್ಲಿ ಯಾವುದು ಒಂದು ನಿಂತರೆ ಎಲ್ಲವೂ ನಿಲ್ಲುತ್ತದೆ? ನೀರಿನ ಮೋಟಾರೇ? ಕೈಪಂಪು ಇದೆ. ಗ್ಯಾಸೇ? ಇನ್ನೊಂದು ಸಿಲಿಂಡರ್ ಇದೆ. ಅವನ ಕಣ್ಣು ಮೆಲ್ಲಗೆ ಅಡುಗೆಮನೆಯ ಕಡೆ ತಿರುಗಿತು.

"ಮಾವ, ಅತ್ತೆ ಒಬ್ರೇ ಅದಾರೆ. ಎಲ್ಲ ಅವರ ಮೇಲೇ ನಿಂತೈತೆ. ಇದಕ್ಕೆ ಇನ್ನೊಂದು ಇಲ್ವಲ್ಲ?"

"ನಿಮ್ಮ ಬಾಯಿಗೆ ಸಕ್ಕರೆ ಹಾಕ! ಇಷ್ಟು ವರ್ಷದಾಗೆ ಈ ಮಾತು ಯಾರೂ ಅಂದಿರಲಿಲ್ಲ ನೋಡ್ರಿ" ಎಂದೆ.

ಒಳಗೆ ಸೌಟಿನ ಸದ್ದು ನಿಂತಿತು. "ಏನಂದ್ರಿ?"

"ಏನಿಲ್ಲ, ಸಿಲಿಂಡರ್ ವಿಷಯ!"

ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಅವಳ ಅಕ್ಕ ಭರಮಸಾಗರದಲ್ಲಿದ್ದಾರೆ, ಕೆರೆ ಏರಿಗೆ ಹತ್ತಿರದ ಮನೆ. 'ಬಂದು ಎಂಟು ದಿನ ಇದ್ದು ಹೋಗೇ' ಎಂದು ಕರೆಯುತ್ತಲೇ ಬಂದಿದ್ದಾರೆ. ಇವಳು 'ಮನೆ ಯಾರು ನೋಡ್ಕಂತಾರೆ?' ಎಂದು ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದಳು, ಅದೂ ಮದುವೆ ಮುಂಜಿ ಇದ್ದರೆ. ಅಳಿಯನಿಗೆ ಇದೆಲ್ಲ ಗೊತ್ತಿತ್ತು.

"ಅತ್ತೆ, ಒಂದು ದಿನ ಹೋಗಿ ರಾತ್ರಿ ಅಲ್ಲೇ ಇರ್ರಿ. ಮನೆ ನಡೀತೈತಾ ನೋಡಾಣ. ನಡೆದ್ರೆ ಬರೋದೇ ಬೇಡ, ಹಂಗೇ ಎಂಟು ದಿನ ಇದ್ಬಿಡ್ರಿ."

ಅವಳು ನನ್ನ ಮುಖ ನೋಡಿದಳು. "ಆಗಲಿಲ್ಲ ಅಂದ್ರೆ ಒಂದು ಫೋನ್ ಮಾಡ್ರಿ. ಸಿಕ್ಕಿದ ಬಸ್ಸಿಗೆ ಬರ್ತೀನಿ. ಇನ್ಮೇಲೆ ಹೋಗೋ ಮಾತೇ ಎತ್ತಲ್ಲ" ಎಂದಳು. ಹೇಳುವಾಗಲೇ ಮನಸ್ಸಿನಲ್ಲಿ ಅವಳು ಸೀರೆ ಮಡಿಸಿ ಇಟ್ಟುಕೊಳ್ಳುತ್ತಿದ್ದುದು ನನಗೆ ಕಂಡಿತು.

ಈಗ ತಪ್ಪೊಪ್ಪಿಗೆ. ಮನೆ ನಡೆಯಬಾರದು ಎಂದು ನಾನು ಆಗಲೇ ತೀರ್ಮಾನಿಸಿದ್ದೆ. ಎಂಟು ದಿನ! ನನ್ನ ಸ್ನಾನಕ್ಕೆ ಬಿಸಿನೀರು, ಮಾತ್ರೆ, ಮಧ್ಯಾಹ್ನ ಮಲಗೆದ್ದ ಮೇಲಿನ ಟೀ, ಇವೆಲ್ಲ ಎಲ್ಲಿಂದ ಬರಬೇಕು? ಮನೆ ಬೀಳಿಸುವುದು ಕಷ್ಟವೂ ಅಲ್ಲ. ನಾನು ಸುಮ್ಮನೆ ಕೂತರೆ ಸಾಕು, ತಾನಾಗೇ ಬೀಳುತ್ತದೆ.

ಅವಳು ಬುಧವಾರ ಬೆಳಿಗ್ಗೆ ಬಸ್ಸು ಹತ್ತಿದಳು. ಮಗಳು ಶಾಲೆಗೆ ಹೋದಳು. ಮಧ್ಯಾಹ್ನದ ಊಟಕ್ಕೆ ಮುದ್ದೆ ಅಳಿಯನದು, ಸಾರು ನನ್ನದು ಎಂದು ಹಂಚಿಕೆಯಾಗಿತ್ತು. ನಾನು ಬೇಳೆ ಬೇಯಲು ಇಟ್ಟು ಪೇಪರ್ ಹಿಡಿದು ಕೂತೆ. ಎಸರು ಕುದಿದು, ಅಳಿಯ ಹಿಟ್ಟು ಸುರಿದು, ಮುದ್ದೆ ತಿರುವುವ ಕೋಲು ಹಿಡಿದು ನಿಂತಿದ್ದಾನೆ, ಮಹಡಿಯ ಕೋಣೆಯಲ್ಲಿ ಅವನ ಫೋನು ಕೂಗಿತು.

"ಮಾವ, ಸರ್ವರ್ ಬಿತ್ತು!"

"ನಿಜವಾಗ್ಲೂನಾ, ಇಲ್ಲ ನೀವೇ ಬೀಳ್ಸಿದ್ದಾ?"

"ನಿಜವಾಗ್ಲೂ! ಒಸಿ ಇದನ್ನ ತಿರುವ್ತಿರ್ರಿ" ಎಂದು, ಕೋಲನ್ನು ಕೈಯಲ್ಲಿ ಹಿಡಿದುಕೊಂಡೇ ಮಹಡಿಗೆ ಓಡಿದ. ಯಾವುದರಿಂದ ತಿರುವುವುದು? ಪಾತ್ರೆಯಲ್ಲಿ ಹಿಟ್ಟು ಗುಡ್ಡಗುಡ್ಡವಾಗಿ ಏಳತೊಡಗಿತು, ನಮ್ಮ ಚಿತ್ರದುರ್ಗದ ಬಂಡೆಗಳಂತೆ. ಪಕ್ಕದ ಒಲೆಯಲ್ಲಿ ಬೇಳೆಯೂ ತಳ ಹಿಡಿದ ವಾಸನೆ ಬಂತು. ಆಹಾ! ನಾನು ಏನೂ ಮಾಡಲಿಲ್ಲ, ದೇವರೇ ಮಾಡಿದ. ಇನ್ನು ಒಂದು ಫೋನು ಸಾಕು. ಎರಡೂ ಒಲೆ ಆರಿಸಿ, ಹಿತ್ತಿಲ ಬಾಗಿಲಿಗೆ ಹೋಗಿ ಹೆಂಡತಿಯ ನಂಬರು ಒತ್ತಿದೆ. 'ಮನೆ ಬಿತ್ತು, ಬಾ' ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

ಫೋನು ಎತ್ತಿದವರು ಅವಳ ಅಕ್ಕ. ಪಿಸುದನಿ. "ಯಾಕ್ರಿ, ಅಲ್ಲೇನಾರ ಆಯ್ತಾ?"

"ಅವಳಿಗೆ ಕೊಡ್ರಿ ಅಕ್ಕ."

"ಮಲಗಿದಾಳೆ ಕಣ್ರಿ."

"ಈ ಹೊತ್ತಿನಾಗಾ? ಮೈ ಹುಷಾರಿಲ್ವಾ?"

"ಚೆನ್ನಾಗೇ ಅದಾಳೆ. ಬಂದ್ಲು, ಕಾಫಿ ಕುಡಿದ್ಲು, ಕೆರೆ ಗಾಳಿ ಚೆನ್ನಾಗೈತೆ ಅಂತ ನಡುಮನ್ಯಾಗೆ ಹಂಗೇ ಒರಗಿದ್ಲು. ಎಂಥ ನಿದ್ದೆ ಅಂತೀರಿ! ತಟ್ಟೆ ಹಾಕಿ ಕರೆಯಾಕೆ ಹೋದೆ, ಮನಸ್ಸು ಬರ್ಲಿಲ್ಲ. ಎಬ್ಬಿಸ್ಲೇನು?"

ಹಗಲು ಹೊತ್ತಿನಲ್ಲಿ ಅವಳು ಮಲಗಿದರೆ ಹೇಗೆ ಕಾಣುತ್ತಾಳೆ ಎಂದು ನೆನಪಿಸಿಕೊಳ್ಳಲು ನೋಡಿದೆ. ತೋಳಿನ ಮೇಲೆ ತಲೆ ಇಡುತ್ತಾಳೋ, ಗೋಡೆ ಕಡೆ ತಿರುಗುತ್ತಾಳೋ, ಒಂದೂ ನೆನಪಾಗಲಿಲ್ಲ. ಮರೆತಿದ್ದಲ್ಲ, ನೋಡಿಯೇ ಇರಲಿಲ್ಲ. ನಾನು ಗಿರಣಿಯಿಂದ ಬಂದು ಉಂಡು ಮಲಗುತ್ತಿದ್ದೆ, ಏಳುವಾಗ ಟೀ ಹಿಡಿದು ನಿಂತಿರುತ್ತಿದ್ದಳು.

"ಏನ್ರಿ, ಎಬ್ಬಿಸ್ಲಾ?"

"ಬ್ಯಾಡ ಬ್ಯಾಡ. ಎಬ್ಬಿಸಬ್ಯಾಡ್ರಿ. ಇಲ್ಲೆಲ್ಲ ಸರಿಯಾಗೈತೆ ಅನ್ರಿ. ಎಂಟು ದಿನ ಇದ್ದೇ ಬರ್ಲಿ."

"ಹಂಗಾದ್ರೆ ಇಡ್ಲಾ?"

"ತಡೀರಿ ಅಕ್ಕ. ಆ ಮುಂಬಾಗಿಲನ್ನ ಒಂಚೂರು ಮುಂದಕ್ಕೆ ಹಾಕ್ರಿ. ಮುಖಕ್ಕೆ ಬಿಸಿಲು ಬೀಳ್ತಿರಬೇಕು."