ಲಾಭ, ಎರಡು, ಮೂರು

ಲೆಕ್ಕದ ಮೇಷ್ಟ್ರಿಗೆ ಐದರವರೆಗೆ ಎಣಿಸಲು ಬರುವುದಿಲ್ಲ ಎಂದರೆ ಯಾರೂ ನಂಬುವುದಿಲ್ಲ. ನಾನೂ ನಂಬುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ, ಮಕ್ಕಳ ಪುಸ್ತಕಗಳ ಮೇಲೆ ಧಾರಾಳವಾಗಿ ಕೆಂಪು ಶಾಯಿ ಸುರಿದು ನಿವೃತ್ತನಾದವನು ನಾನು. ನನ್ನ ಜಂಬ ಇಳಿಸಲು ಒಂದು ಗೇಣುದ್ದದ ಕ್ರೋಶಾ ಕಡ್ಡಿ ಸಾಕಾಯಿತು.

ಆದದ್ದಿಷ್ಟು. ರಾಜರಾಜೇಶ್ವರಿನಗರದಲ್ಲಿ ತನ್ನ ತಂಗಿಯ ಹೊಸ ಫ್ಲ್ಯಾಟಿನ ಗೃಹಪ್ರವೇಶಕ್ಕೆ ಬಾಗಿಲಿಗೆ ಕ್ರೋಶಾ ತೋರಣ ಹೆಣೆದುಕೊಡುತ್ತೇನೆಂದು ನನ್ನ ಹೆಂಡತಿ ಸುಮಿತ್ರ ಮಾತು ಕೊಟ್ಟಿದ್ದಳು. ಐದು ಪಟ್ಟಿಗಳಲ್ಲಿ ನಾಲ್ಕು ಮುಗಿಯುವಷ್ಟರಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು, ಅವಳ ಬಲಗೈಗೆ ಪ್ಲಾಸ್ಟರ್ ಬಿತ್ತು. ಅಂಗಡಿಯಿಂದ ಒಂದು ತಂದರಾಯಿತು ಎಂದೆ. ಅವಳು ಕಣ್ಣು ತುಂಬಿಕೊಂಡಳು. ನನಗೆ ತಡೆಯಲಾಗಲಿಲ್ಲ, ಒಂದು ಪಟ್ಟಿ ತಾನೇ, ನಾನೇ ಹಾಕುತ್ತೇನೆ ಎಂದುಬಿಟ್ಟೆ. ಮೊದಲ ದಿನ ಅವಳೇ ಕಲಿಸಿದಳು. ಆಮೇಲೆ ಎರಡು ದಿನ ನಾವು ಮಾತಾಡಲಿಲ್ಲ.

ಹೀಗಾಗಿ ಹೊಸಹಳ್ಳಿಯ ನಮ್ಮ ಮನೆಯ ಮಹಡಿಯಲ್ಲಿರುವ ಸರೋಜಮ್ಮನವರ ಶಿಷ್ಯನಾದೆ. ಮಾರೇನಹಳ್ಳಿಯ ಹಳೇ ಒಕ್ಕಲು ಮನೆಯ ಮಗಳು, ಏಳನೇ ಕ್ಲಾಸಿಗೇ ಶಾಲೆ ಬಿಟ್ಟವರು. ಕುಕ್ಕರಿನ ಕೂಗಿಗೆ ಕಿವಿಗೊಟ್ಟು, ನನ್ನ ಜೊತೆ ಹರಟುತ್ತ, ದಾರದ ಕಡೆ ನೋಡದೆಯೇ ಅವರು ಕುಣಿಕೆಗೆ ಕುಣಿಕೆ ಪೋಣಿಸುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ನಾನು ಕಡ್ಡಿ ಹಿಡಿದರೆ ದಾರ ಕನ್ನಡಕಕ್ಕೂ ಸುತ್ತಿಕೊಳ್ಳುತ್ತಿತ್ತು.

"ದಾರದ ಜೊತೆ ಜಗಳ ಆಡ್ಬೇಡಿ ಸಾರ್. ಸಡಿಲ ಬಿಡಿ, ಅದೇ ಬರುತ್ತೆ" ಎಂದರು. ಬಂತು.

ಐದು ಕುಣಿಕೆಯ ಸರಪಳಿ ಹಾಕಿ ಕೆಳಗಿನ ಸಾಲಿಗೆ ಸಿಕ್ಕಿಸಬೇಕು, ಮತ್ತೆ ಐದು, ಮತ್ತೆ ಸಿಕ್ಕಿಸಬೇಕು. ಅಷ್ಟೇ ವಿದ್ಯೆ. ಅವರು ಲಾಭ ಎಂದು ಶುರುಮಾಡಿ ಮಿಕ್ಕದ್ದನ್ನು ತುಟಿಯಲ್ಲೇ ಎಣಿಸುತ್ತಿದ್ದರು; ಮನೆಗೆ ಬಂದು ನಾನೂ ಲಾಭ ಎಂದೇ ಶುರುಮಾಡಿ ಹೆಣೆದೆ. ನಾಲ್ಕು ದಿನ ಬೆನ್ನು ಬಗ್ಗಿಸಿ ಅರ್ಧ ಪಟ್ಟಿ ಮುಗಿಸಿ ಸುಮಿತ್ರಳ ಪಟ್ಟಿಯ ಪಕ್ಕ ಇಟ್ಟರೆ, ನನ್ನದು ನಾಲ್ಕು ಬೆರಳು ಹೆಚ್ಚು ಅಗಲವಾಗಿ ಹೆಣ್ಣುಮಕ್ಕಳ ಫ್ರಾಕಿನಂತೆ ಉಬ್ಬಿ ಕೂತಿತ್ತು. ಗೃಹಪ್ರವೇಶಕ್ಕೆ ಮೂರೇ ದಿನ. ಸುಮಿತ್ರ ಚೆನ್ನಾಗಿದೆ ಎಂದಳು, ಆ ಹೊಗಳಿಕೆಗೇ ಹೆದರಿ ಪಟ್ಟಿ ಹಿಡಿದು ಮಹಡಿಗೆ ಓಡಿದೆ.

ಸರೋಜಮ್ಮ ಗಟ್ಟಿಯಾಗಿ ಎಣಿಸಲು ಹೇಳಿದರು. ಲಾಭ, ಒಂದು, ಎರಡು, ಮೂರು ಎಂದು ಶುರುಮಾಡಿದೆ. ಅವರು ಕೈ ತಡೆದರು.

"ಲಾಭ ಅಂದ್ರೇನೇ ಒಂದು ಸಾರ್. ನಮ್ಮಪ್ಪ ರಾಗಿ ಅಳೆಯೋವಾಗ ಮೊದಲ್ನೇ ಸೇರಿಗೆ ಒಂದು ಅಂತಿರ್ಲಿಲ್ಲ, ಲಾಭ ಅಂತಿದ್ರು."

ನಾನೋ, ಕಾಗದದ ತಲೆಯ ಮೇಲೆ ಶ್ರೀ ಬರೆಯುತ್ತಾರಲ್ಲ, ಇದೂ ಹಾಗೇ ಒಂದು ಶುಭಾರಂಭ ಎಂದುಕೊಂಡು ಪ್ರತಿ ಸರಪಳಿಗೂ ಒಂದು ಕುಣಿಕೆ ಹೆಚ್ಚಿಗೆ ಹಾಕಿದ್ದೆ. ಅವರು ನಗಲಿಲ್ಲ. ದಾರದ ತುದಿ ಹಿಡಿದು ಎಳೆದರು. ನಾಲ್ಕು ದಿನದ ತಪ್ಪು ಸರಸರನೆ ಬಿಚ್ಚಿಕೊಂಡು ಉಂಡೆಯಾಯಿತು, ಎಲ್ಲೂ ಒಂದು ಗುರುತೂ ಉಳಿಯಲಿಲ್ಲ. ನನ್ನ ಕೆಂಪು ಶಾಯಿ ನೆನಪಾಗಿ ನಾಚಿಕೆಯಾಯಿತು. ಮೂರು ದಿನವೂ ಅವರು ಮನೆಗೆಲಸದ ನಡುವೆ ನನ್ನ ಪಕ್ಕದಲ್ಲೇ ಕೂತು ಕಾದರು, ಒಂದು ಕುಣಿಕೆಯನ್ನೂ ತಾವು ಹಾಕಿಕೊಡಲಿಲ್ಲ.

ಗೃಹಪ್ರವೇಶದ ದಿನ ತೋರಣ ಬಾಗಿಲಿಗೇರಿತು. ಎಲ್ಲರೂ ಸುಮಿತ್ರಳನ್ನು ಹೊಗಳಿದರು. ಐದನೆಯ ಪಟ್ಟಿ ನಮ್ಮೆಜಮಾನರದ್ದು ಎಂದು ಅವಳು ಹೇಳಿದರೆ ಯಾರೂ ನಂಬಲಿಲ್ಲ. ನಮ್ಮ ಜೊತೆ ಬಂದಿದ್ದ ಸರೋಜಮ್ಮ ಮಾತ್ರ ನನ್ನ ಪಟ್ಟಿಗೆ ಬೆರಳಿಟ್ಟು ಎಣಿಸತೊಡಗಿದರು. ನಾನು ಕೈಕಟ್ಟಿ ನಿಂತಿದ್ದೆ.

"ಸರಿಯಾಗಿದೆ ಸಾರ್" ಎಂದರು.

ಮನೆಗೆ ಬರುವಾಗ ದಾರಿಯಲ್ಲಿ ಸುಮಿತ್ರಳಿಗೆ ಆ ಮಾತನ್ನು ಹೇಳಿದೆ. ಊಟಕ್ಕೆ ಕೂತಾಗ ಇನ್ನೊಮ್ಮೆ ನೆನಪಿಸಿದೆ. ಮತ್ತೆ ಬಾಯಿ ತೆರೆದಾಗ ಅವಳು ಪ್ಲಾಸ್ಟರಿನ ಕೈಯ ಬೆರಳು ಮಡಚುತ್ತ ಎಣಿಸಿದಳು: "ಲಾಭ, ಎರಡು... ಇದು ಮೂರನೇ ಸಲ ಕಣ್ರೀ."