ಮುನ್ನೂರ ಹನ್ನೆರಡನೆಯ ಅಂಗಿ

ಅಂಗಿ ಚಿಕ್ಕದಾಗಿತ್ತು. ರಾಮಾಯಣವೆಲ್ಲ ಶುರುವಾದದ್ದು ಅಲ್ಲಿಂದಲೇ.

ಹಾಸಿಗೆಗೆ ದಿಂಬಿನ ಕವರು ತೊಡಿಸಲು ಹೊರಟವನಂತೆ ಲಿಫ್ಟಣ್ಣ ಅದರೊಳಗೆ ತಲೆ ತೂರಿಸಿದ, ಒಂದು ಕೈ ತೂರಿಸಿದ, ಇನ್ನೊಂದು ಕೈಗೆ ದಾರಿ ಸಿಗದೆ ಮೈದಾನದ ಮೂಲೆಯಲ್ಲಿ ಗಾಳಿಗೆ ಸಿಕ್ಕ ಬೆದರುಬೊಂಬೆಯ ಹಾಗೆ ಸುತ್ತತೊಡಗಿದ. ಕೆಂಪು ಟೋಪಿಯ ಹುಡುಗಿಯೊಬ್ಬಳು ಓಡಿ ಬಂದು ಅಂಗಿಯ ಅಂಚು ಹಿಡಿದು ಕೆಳಕ್ಕೆ ಜಗ್ಗಿದಳು. ತಲೆ ಹೊರಗೆ ಬಂತು.

"ಅಂಕಲ್, ಇದು ನಿಮ್ಮ ಸೈಜ್ ಅಲ್ವೇ ಅಲ್ಲ."

"ಗೊತ್ತಮ್ಮ. ನಮ್ಮ ಮನೆಯವಳದ್ದು. ಅವಳ ಬದಲು ನಾನು ನಡೀತೀನಿ."

"ಅವರು ಬರಲ್ವಾ?"

"ಇಲ್ಲ."

"ಸರಿ ಬಿಡಿ. ಆದ್ರೆ ತುಂಬ ಆ ಕಡೆ ಈ ಕಡೆ ತಿರುಗ್ಬೇಡಿ, ಹೊಲಿಗೆ ಬಿಟ್ಕೊಳ್ಳುತ್ತೆ. ನೇರ ಮುಂದೆ ನೋಡ್ಕೊಂಡು ಹೋಗಿ."

ಅಜ್ಜಿಯರ ಕತೆಗಳಲ್ಲಿ ಹೀಗೇ ಒಂದು ಮಾತು ಬರುತ್ತದೆ: ಹಿಂದಿನಿಂದ ಯಾರು ಕೂಗಿದರೂ ತಿರುಗಿ ನೋಡಬೇಡ, ನೋಡಿದರೆ ಕಲ್ಲಾಗುತ್ತೀಯ. ಆ ಕತೆಗಳ ರಾಜಕುಮಾರರಿಗೆ ಕುದುರೆಯಿತ್ತು, ಕತ್ತಿಯಿತ್ತು. ಲಿಫ್ಟಣ್ಣನಿಗೆ ಇದ್ದದ್ದು ಎದೆಯ ಮೇಲೆ ಮುನ್ನೂರ ಹನ್ನೆರಡು ಎಂಬ ನಂಬರು, ಪ್ಯಾಂಟಿನ ಜೇಬಿನಲ್ಲಿ ಕರಿದ ಶೇಂಗಾದ ಪೊಟ್ಟಣ, ಅಷ್ಟೆ.

ಇಪ್ಪತ್ತೆಂಟು ವರ್ಷದಿಂದ ಅವನು ಒಂದು ಹಳೆಯ ಆಫೀಸು ಕಟ್ಟಡದಲ್ಲಿ ಲಿಫ್ಟು ನಡೆಸುತ್ತಿದ್ದ. ಬೆಳಗ್ಗೆ ಒಂಬತ್ತಕ್ಕೆ ಸ್ಟೂಲಿನ ಮೇಲೆ ಕೂತರೆ ಸಂಜೆ ಆರಕ್ಕೆ ಏಳುವುದು. ಮೇಲೆ ಹೋಗಿದ್ದಾನೆ, ಕೆಳಗೆ ಬಂದಿದ್ದಾನೆ, ಮುಂದಕ್ಕೆ ಮಾತ್ರ ಒಂದಡಿ ಹೋದವನಲ್ಲ. ಊರ ಜನಕ್ಕೆಲ್ಲ ಲಿಫ್ಟು ಕೊಟ್ಟವನ ಸ್ವಂತ ಮನೆ ಮಾತ್ರ ಮೂರನೇ ಮಹಡಿಯಲ್ಲಿ, ಮೆಟ್ಟಿಲೇ ಗತಿ. ತರಕಾರಿ ಚೀಲ, ನೀರಿನ ಕ್ಯಾನು, ಗ್ಯಾಸ್ ಮುಗಿದರೆ ಸಿಲಿಂಡರಿನವನನ್ನು ಕೂಗಲು ಇಳಿಯುವುದು, ಹತ್ತುವುದು ಎಲ್ಲ ಅವನ ಹೆಂಡತಿಯದು. ಎರಡು ತಿಂಗಳ ಹಿಂದೆ ಒಂದು ದಿನ ಅವಳು ಎರಡನೇ ಮಹಡಿಯ ತಿರುವಿನಲ್ಲಿ "ಸ್ವಲ್ಪ ಕೂತು ಬರ್ತೀನಿ" ಎಂದು ಕೂತಳು. ಆಮೇಲೆ ನಾಲ್ಕು ದಿನ ಆಸ್ಪತ್ರೆ. ಆಮೇಲೆ ಇಲ್ಲ.

ಆ ನಾಲ್ಕು ದಿನವೂ ಆಸ್ಪತ್ರೆಯಲ್ಲಿ ಅವಳಿಗಿದ್ದ ಹೆಸರು "ಒಂಬತ್ತನೇ ಬೆಡ್ಡು". "ಒಂಬತ್ತನೇ ಬೆಡ್ಡಿನವರು ಯಾರ್ರೀ?" ಎಂದು ಕೂಗಿಯೇ ಕೊನೆಯ ಸುದ್ದಿಯನ್ನೂ ಹೇಳಿದರು. ಕಟ್ಟಡದಲ್ಲಿ ಅವಳು ಲಿಫ್ಟಣ್ಣನ ಹೆಂಡತಿ, ವಠಾರದಲ್ಲಿ ಮೂರನೇ ಮಹಡಿಯಾಕೆ. ಇನ್ನು ಇವನೋ, ಇಪ್ಪತ್ತಾರು ವರ್ಷ "ಇವಳೇ", "ಕೇಳಿಸ್ತಾ", "ಎಲ್ಲಿದೀಯ" ಎಂಬ ಮೂರರಲ್ಲೇ ಸಂಸಾರ ಮುಗಿಸಿಬಿಟ್ಟಿದ್ದ. ಮೂರಕ್ಷರದ ಚೆಂದದ ಹೆಸರು ಮದುವೆಯ ಸೀರೆಯಂತೆ ಪೆಟ್ಟಿಗೆಯಲ್ಲೇ ಉಳಿದುಹೋಗಿತ್ತು.

ಹಾಗಿರುವಾಗ ಹೋದ ವಾರ ಫೋನು ಬಂತು. "ಹೃದಯ ಆರೋಗ್ಯದ ನಡಿಗೆಗೆ ನಿಮ್ಮ ಮನೆಯಿಂದ ಹೆಸರು ಕೊಟ್ಟಿದೀರ ಸರ್. ನಂಬರ್ ಮುನ್ನೂರ ಹನ್ನೆರಡು. ಅಂಗಿ ರೆಡಿ ಇದೆ." ಲಿಫ್ಟಣ್ಣನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ನೆನಪಾಯಿತು. ನಾಲ್ಕು ತಿಂಗಳ ಹಿಂದೆ ಕಟ್ಟಡದ ಕೆಳಗೆ ಮೇಜು ಹಾಕಿಕೊಂಡು ಯಾರೋ ಹೆಸರು ಬರೆಸಿಕೊಳ್ಳುತ್ತಿದ್ದರು. ಊಟದ ಡಬ್ಬಿ ತಂದ ಹೆಂಡತಿ, ಇವನು ಆರನೇ ಮಹಡಿಯಿಂದ ಇಳಿದು ಬರುವಷ್ಟರಲ್ಲಿ, ಆ ಮೇಜಿನ ಮುಂದೆ ಬಗ್ಗಿ ಏನೋ ಬರೆಯುತ್ತಿದ್ದಳು. "ಏನೇ ಅದು?" ಎಂದರೆ "ಏನಿಲ್ಲ, ಅನ್ನ ಆರುತ್ತೆ" ಎಂದಿದ್ದಳು.

ಫೋನಿನವರು ಇನ್ನೂ ಒಂದು ಮಾತು ಹೇಳಿದ್ದರು. ಐದು ಕಿಲೋಮೀಟರು ನಡೆದು ಮುಗಿಸಿದ ಪ್ರತಿಯೊಬ್ಬರ ಹೆಸರನ್ನೂ ಮೈಕಿನಲ್ಲಿ ಕೂಗುತ್ತಾರೆ. ಗಾಡಿ ಹತ್ತಿ ಬಂದವರ ಹೆಸರು ಕೂಗುವುದಿಲ್ಲ.

ಏಳು ಸಮುದ್ರದಾಚೆ ಗಿಳಿಯ ಹೊಟ್ಟೆಯಲ್ಲಿ ರಾಕ್ಷಸನ ಪ್ರಾಣವಿರುತ್ತದಲ್ಲ, ಹಾಗೆ ಅಂದಿನಿಂದ ಲಿಫ್ಟಣ್ಣನ ಪ್ರಾಣ ಆ ಮೈಕಿನೊಳಗೆ ಹೋಗಿ ಕೂತಿತು. ಒಂದು ಸಲ. ಸಾವಿರ ಜನರ ಮುಂದೆ ಒಂದೇ ಒಂದು ಸಲ ಅವಳ ಹೆಸರು ಕೇಳಿಬಿಟ್ಟರೆ ಸಾಕು.

ಸೀಟಿ ಊದಿದರು. ಜನ ಹೊರಟರು. ಪ್ರತಿಯೊಬ್ಬರ ಬೆನ್ನಿಗೂ ಒಂದು ರಟ್ಟಿನ ಚೀಟಿ ಪಿನ್ನು ಮಾಡಿತ್ತು. ಯಾರಿಗಾಗಿ ನಡೆಯುತ್ತಿದ್ದೀರಿ ಎಂದು ಹೆಸರು ಕೊಡುವಾಗಲೇ ದಪ್ಪ ಪೆನ್ನಿನಲ್ಲಿ ಬರೆಸಿಕೊಂಡಿದ್ದರಂತೆ. ಮುಂದಿನವರ ಬೆನ್ನ ಮೇಲೆ "ನನ್ನ ತಂದೆಗಾಗಿ" ಎಂದಿತ್ತು, ಅವರ ಪಕ್ಕದವರದು "ಚಿಕ್ಕಪ್ಪನ ನೆನಪಿಗೆ". ತನ್ನ ಬೆನ್ನ ಮೇಲೇನಿದೆಯೋ ಲಿಫ್ಟಣ್ಣ ನೋಡಿರಲಿಲ್ಲ, ನೋಡಲು ಅಂಗಿ ಬಿಡುವಂತೆಯೂ ಇರಲಿಲ್ಲ. ಅವಳಮ್ಮ ಎದೆನೋವಿನಿಂದಲೇ ಹೋದವರು. ಅಮ್ಮನ ಹೆಸರೇ ಬರೆದಿರುತ್ತಾಳೆ ಎಂದುಕೊಂಡು ಹೆಜ್ಜೆ ಹಾಕಿದ.

ಇನ್ನೂರು ಹೆಜ್ಜೆ ಹೋಗಿರಲಿಲ್ಲ, ಹಿಂದಿನಿಂದ ಬೆತ್ತದಂಥ ಸ್ವರವೊಂದು ಬಿತ್ತು.

"ಏನ್ರೀ, ದಿನವೆಲ್ಲ ಸ್ಟೂಲ್ ಮೇಲೆ ಕೂತ್ರೆ ದೇಹ ಏನಾಗಬೇಕು?"

ಬಂದು ಪಕ್ಕದಲ್ಲಿ ನಡೆಯತೊಡಗಿದವರು ನಿವೃತ್ತ ಹೆಡ್‌ಮೇಡಂ. ನಲವತ್ತು ವರ್ಷ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಬೆರಳು ಇನ್ನೂ ನೆಟ್ಟಗಿತ್ತು. ಇವರು ಯಾವಾಗ ನನ್ನ ಲಿಫ್ಟು ಹತ್ತಿದ್ದರು ಎಂದು ಲಿಫ್ಟಣ್ಣ ತಲೆ ಕೆರೆದುಕೊಂಡ.

"ಕೆಲಸಾನೇ ಅಂಥದ್ದು ಮೇಡಂ."

"ಕೆಲಸದ ಮೇಲೆ ಹಾಕ್ಬೇಡಿ. ಗಂಟೆಗೊಂದ್ಸಲ ಎದ್ದು ನಿಲ್ಲೋಕೆ ಏನು ರೋಗ?"

ಅಷ್ಟರಲ್ಲಿ ಎಡಗಡೆಯಿಂದ ಔಷಧಿ ಅಂಗಡಿಯವನೊಬ್ಬ ಬಂದು ಸೇರಿದ. ಲಿಫ್ಟಣ್ಣನ ಬೆನ್ನನ್ನೊಮ್ಮೆ ನೋಡಿ, ಜೇಬನ್ನೊಮ್ಮೆ ನೋಡಿ, ಹಳೆಯ ಸ್ನೇಹಿತನಂತೆ ಜೇಬಿಗೆ ಕೈ ಹಾಕಿ ಶೇಂಗಾ ಪೊಟ್ಟಣ ಎಳೆದೇಬಿಟ್ಟ.

"ಸಿಕ್ಕಿಬಿತ್ತು ಮೇಡಂ! ಕರಿದದ್ದೇ!"

"ಅಯ್ಯೋ ಸ್ವಾಮಿ, ಅದು ನಂದು!"

"ನಿಮ್ಮದು ಅಂತ್ಲೇ ತಗೊಂಡಿದ್ದು. ನಿಮ್ಮ ಒಳ್ಳೇದಕ್ಕೇ ಕಣಣ್ಣ." ಹೀಗೆ ಹೇಳಿ ತಾನೇ ನಾಲ್ಕು ಬೀಜ ಬಾಯಿಗೆ ಹಾಕಿಕೊಂಡ.

ಲಿಫ್ಟಣ್ಣ ಬೆವರಿದ. ನನ್ನ ಸ್ಟೂಲು, ನನ್ನ ಜೇಬು, ಎಲ್ಲ ಇವರಿಗೆ ಹೇಗೆ ಗೊತ್ತು? ಬೇಗ ಬೇಗ ನಡೆದು ಅವರನ್ನು ಹಿಂದೆ ಹಾಕಿದ. ಹಿಂದೆ ಹಾಕಿದಷ್ಟೂ ಅವನ ಬೆನ್ನು ಹೆಚ್ಚು ಜನರಿಗೆ ಕಂಡಿತು, ಅದೇ ತಪ್ಪಾಯಿತು. ಬೆಲ್ಲಕ್ಕೆ ಇರುವೆ ಮುತ್ತಿದಂತೆ ಬುದ್ಧಿವಾದ ಮುತ್ತಿತು. ಬೆಳ್ಳುಳ್ಳಿ ಅಗಿಯಿರಿ ಎಂದಳು ಒಬ್ಬಳು. ಎಡಮಗ್ಗುಲಿಗೆ ಮಲಗಲೇಬೇಡಿ ಎಂದ ಒಬ್ಬ, ಎಡಮಗ್ಗುಲಿಗೇ ಮಲಗಿ ಎಂದ ಅವನ ಭಾವ, ಅವರಿಬ್ಬರಿಗೂ ಅಲ್ಲೇ ಜಗಳ ಹತ್ತಿತು. ನಾಲ್ಕು ಕಿಲೋಮೀಟರು ಕಳೆದ ಮೇಲೆ ರಸ್ತೆ ದಾಟಿಸುತ್ತಿದ್ದ ಪೊಲೀಸಿನವನು ಕೂಡ ಅವನ ಬೆನ್ನು ನೋಡಿ, ಬಸ್ಸು ನಿಲ್ಲಿಸಿ, "ಹೆಂಡತಿ ಮಾತು ಕೇಳಿ ಸಾರ್, ನಾನು ಕೇಳ್ದೆ ಈಗ ಮೂರು ಮಾತ್ರೆ ನುಂಗ್ತಾ ಇದೀನಿ" ಎಂದು ನಿಟ್ಟುಸಿರಿಟ್ಟ.

ಹೆಂಡತಿಯ ಮಾತು ಎಂದೊಡನೆ ಲಿಫ್ಟಣ್ಣ ಒಂದು ಕ್ಷಣ ನಿಂತುಬಿಟ್ಟ. ಅಷ್ಟೇ ಸಾಕಾಯಿತು.

"ತಲೆ ಸುತ್ತು ಬಂತು!" ಎಂದರು ಹೆಡ್‌ಮೇಡಂ.

"ಕುರ್ಚಿ ತರ್ರೀ!" ಎಂದ ಔಷಧಿಯವನು.

ಎಲ್ಲಿತ್ತೋ ಏನೋ, ಗಾಲಿಕುರ್ಚಿಯೊಂದು ಬಂದೇ ಬಂತು. ನಾಲ್ಕು ಕೈ ಅವನನ್ನು ಹಿಡಿದು ಅದರಲ್ಲಿ ಕೂರಿಸಿದವು. ಒಬ್ಬರು ಗಾಳಿ ಹಾಕಿದರು, ಒಬ್ಬರು ಅಂಗೈ ತಿಕ್ಕಿದರು.

"ಬೇಡ, ನಾನು ನಡೀಬೇಕು! ನಡೆದೇ ಮುಗಿಸ್ಬೇಕು! ಗಾಡೀಲಿ ಹೋದ್ರೆ ಹೆಸರು ಕೂಗಲ್ಲ!"

"ಜೀವಕ್ಕಿಂತ ಹೆಸರು ದೊಡ್ಡದೇನ್ರೀ?" ಎಂದು ಹೆಡ್‌ಮೇಡಂ ಗದರಿದರು.

ಹೌದು ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಆದರೆ ಕಾಲು ಬಂತು. ಕುರ್ಚಿ ಇನ್ನೂ ಒಂದು ಸುತ್ತು ಉರುಳಿರಲಿಲ್ಲ, ಚಂಗನೆ ಹಾರಿ ಓಡತೊಡಗಿದ. ಇಪ್ಪತ್ತೆಂಟು ವರ್ಷ ಮುಂದಕ್ಕೆ ಹೋಗದೆ ಉಳಿಸಿಟ್ಟ ಓಟವನ್ನೆಲ್ಲ ಅವತ್ತೇ ಓಡಿದ. "ಓಡ್ಬೇಡ್ರೀ! ಓಡಬಾರದು!" ಎಂದು ಕೂಗುತ್ತ ಹೆಡ್‌ಮೇಡಂ ಹಿಂದೆಯೇ ಓಡಿದರು. ಅವರ ಹಿಂದೆ ಔಷಧಿಯವನು, ಭಾವಮೈದುನರು, ಖಾಲಿ ಕುರ್ಚಿ ತಳ್ಳುವವರು, ಏನಾಯಿತೆಂದು ತಿಳಿಯದ ಇನ್ನೂರು ಜನ. ನಡಿಗೆಯೆಂದು ಹೊರಟದ್ದು ದನ ಬೆದರಿದಂತೆ ಮೈದಾನಕ್ಕೆ ನುಗ್ಗಿತು.

ಲಿಫ್ಟಣ್ಣ ಗೆರೆ ದಾಟಿದ ಮೇಲೆ ಕಂಬಕ್ಕೆ ಆತುಕೊಂಡು ನಿಂತ. ಎದೆ ನಗಾರಿಯಂತೆ ಬಡಿಯುತ್ತಿತ್ತು. ಕಿವಿ ಮಾತ್ರ ಮೈಕಿನಲ್ಲಿತ್ತು.

ವೇದಿಕೆಯ ಮೇಲೆ ಹೆಸರುಗಳು ಶುರುವಾದವು. ಮುನ್ನೂರ ಹತ್ತು. ಚಪ್ಪಾಳೆ. ಮುನ್ನೂರ ಹನ್ನೊಂದು. ಚಪ್ಪಾಳೆ. ಲಿಫ್ಟಣ್ಣ ಅಂಗಿಯ ಅಂಚು ಜಗ್ಗಿ ನೆಟ್ಟಗಾದ, ಕಣ್ಣು ಮುಚ್ಚಿದ.

"ಮುನ್ನೂರ ಹನ್ನೆರಡು," ಮೈಕಿನವರು ಕಾಗದವನ್ನು ಕಣ್ಣ ಹತ್ತಿರ ಹಿಡಿದು ನಕ್ಕರು. "ಇವರು ಹೆಸರಿನ ಜಾಗದಲ್ಲಿ ಬರ್ದಿರೋದು, 'ಲಿಫ್ಟಿನವರ ಹೆಂಡತಿ'. ಲಿಫ್ಟಿನವರ ಹೆಂಡತಿಗೆ ಒಂದು ಜೋರು ಚಪ್ಪಾಳೆ!"

ಮೈದಾನವೆಲ್ಲ ನಕ್ಕು ಚಪ್ಪಾಳೆ ತಟ್ಟಿತು. ಮುನ್ನೂರ ಹದಿಮೂರು ಎಂದರು.

ಕಣ್ಣು ತೆರೆದಾಗ ಹೆಡ್‌ಮೇಡಂ ಎದುರಿಗಿದ್ದರು. "ಅಂಗಿ ಉಸಿರು ಕಟ್ಟಿಸ್ತಿದೆ, ಮೊದ್ಲು ತೆಗೀರಿ" ಎಂದು ಅವರೂ ಔಷಧಿಯವನೂ ಸೇರಿ ಕರುವಿನ ಬಾಯಿಂದ ಬಟ್ಟೆ ಎಳೆಯುವಂತೆ ಎಳೆದು ತೆಗೆದರು. ಚೀಟಿಯ ಪಿನ್ನು ಬಿಚ್ಚಿ ಅವನ ಕೈಗಿಟ್ಟರು. "ನಿಮ್ಮಾಕೆ ಬರೆದಿದ್ದನ್ನ ನೀವೇ ಓದಿಲ್ವೇನ್ರೀ?"

ಗುಂಡಗಿನ ಅಕ್ಷರ. ದಿನಸಿ ಚೀಟಿ ಬರೆಯುವಾಗಿನಂತೆ ಸಾಲು ಕೊನೆಗೆ ಬರುತ್ತ ಕೆಳಕ್ಕೆ ಜಾರಿತ್ತು.

"ನಮ್ಮನೆಯವರಿಗಾಗಿ ನಡೆಯುತ್ತೇನೆ. ದಿನವೆಲ್ಲ ಸ್ಟೂಲಿನ ಮೇಲೆ ಕೂತಿರುತ್ತಾರೆ. ಕರಿದ ಶೇಂಗಾ ಜೇಬಿನಲ್ಲಿ ಬಚ್ಚಿಟ್ಟುಕೊಳ್ಳುತ್ತಾರೆ, ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ. ಎದೆ ಪರೀಕ್ಷೆ ಮಾಡಿಸಿಕೊಳ್ಳಿ ಅಂದರೆ ಆಯ್ತು ಆಯ್ತು ಅನ್ನುತ್ತಾರೆ, ಹೋಗುವುದಿಲ್ಲ. ನನ್ನ ಮಾತು ಕೇಳುವುದಿಲ್ಲ. ಓದಿದವರು ದಯವಿಟ್ಟು ನೀವಾದರೂ ಒಂದು ಮಾತು ಹೇಳಿ."

ಲಿಫ್ಟಣ್ಣ ಅದನ್ನು ಎರಡು ಸಲ ಓದಿದ. ಮೂರನೆಯ ಸಲ ಅಕ್ಷರ ಕಾಣಲಿಲ್ಲ.

"ಮನೆಗೆ ಹೋಗಿ ಹೇಳಿ ಆಕೆಗೆ, ಊರಿಗೆ ಊರೇ ಬುದ್ಧಿ ಹೇಳ್ತು ಅಂತ," ಎಂದರು ಹೆಡ್‌ಮೇಡಂ. ಅವರ ದನಿ ಈಗ ಮೆತ್ತಗಾಗಿತ್ತು.

"ಹೇಳ್ತೀನಿ ಮೇಡಂ."

"ಈಗ ನಡೀರಿ. ಅಲ್ಲಿ ಪುಕ್ಕಟೆ ಎದೆ ಪರೀಕ್ಷೆ ಇದೆ. ಮಾಡಿಸ್ಕೊಂಡೇ ಹೋಗ್ಬೇಕು."

ಅವನು ಬೇಡವೆನ್ನಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅವಳು ಕೇಳಿದ್ದು ಇದೊಂದೇ, ಇದನ್ನಾದರೂ ಮಾಡೋಣ ಎಂದು ಮಗುವಿನಂತೆ ಅವರ ಹಿಂದೆ ಹೋದ. ಹೆಡ್‌ಮೇಡಂ ಹೊರಗಿನ ಸಾಲು ನೆಟ್ಟಗೆ ಮಾಡಲು ನಿಂತರು. ಟೆಂಟಿನಲ್ಲಿ ನರ್ಸಮ್ಮ ತಲೆ ಎತ್ತದೆ ಬರೆದುಕೊಳ್ಳುತ್ತಿದ್ದರು.

"ಹೆಸರು?"

ಬಾಯಿ ತೆರೆದ. ಅದು ಹೇಗೆ ಬಂತೋ, ಇಪ್ಪತ್ತಾರು ವರ್ಷ ನಾಲಿಗೆ ತುದಿಗೆ ಬಾರದ ಮೂರಕ್ಷರ ಬಂದುಬಿಟ್ಟಿತು.

"ವಯಸ್ಸು?"

"ನಲವತ್ತೊಂಬತ್ತು." ಅದೂ ಅವಳದೇ.

"ಬೆಂಚಿನ ಮೇಲೆ ಕೂತಿರಿ, ಕೂಗ್ತೀವಿ."

ಕೂತ. ತಿದ್ದಬೇಕು, ಎದ್ದು ಹೋಗಿ ತಪ್ಪು ಹೇಳಿದೆ ತಾಯಿ ಎನ್ನಬೇಕು ಎಂದುಕೊಂಡ. ಅಷ್ಟರಲ್ಲಿ ನರ್ಸಮ್ಮ ಕೂಗಿದರು.

ಅವಳ ಹೆಸರು. ಪೂರ್ತಿ. ಜೋರಾಗಿ.

ಲಿಫ್ಟಣ್ಣ ಏಳಲಿಲ್ಲ. ಎದ್ದರೆ ಕೂಗುವುದು ನಿಲ್ಲುತ್ತದಲ್ಲ. ನರ್ಸಮ್ಮ ಎರಡನೆಯ ಸಲ, ಆಟಕ್ಕೆ ದೂರ ಹೋದ ಮಗುವನ್ನು ಊಟಕ್ಕೆ ಕರೆಯುವಂತೆ, ಕೊನೆಯ ಅಕ್ಷರ ಎಳೆದು ಕೂಗಿದರು. ಯಾರೂ ಬರಲಿಲ್ಲ. "ಎಲ್ಲಿ ಹೋದ್ರಪ್ಪ ಈ ಯಮ್ಮ?" ಎಂದು ಹೆಡ್‌ಮೇಡಂ ಸೊಂಟಕ್ಕೆ ಕೈಯಿಟ್ಟು ತಾವೂ ಕೂಗಿದರು. ನಲವತ್ತು ವರ್ಷ ಹಾಜರಿ ಕರೆದ ಗಂಟಲು ಅದು, ಮೈದಾನದ ಆಚೆಯ ಮರದವರೆಗೂ ಹೋಯಿತು. ಪರೋಪಕಾರಕ್ಕೆ ಸಾಯುವ ಔಷಧಿಯವನು ಸುಮ್ಮನಿದ್ದಾನೆಯೇ? ನೀರಿನ ಡ್ರಮ್ಮಿನ ಹತ್ತಿರ ಕೂಗಿದ, ಗೇಟಿನ ಹತ್ತಿರ ಕೂಗಿದ. ಭಾವಮೈದುನರು ಜಗಳ ಬಿಟ್ಟು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಕೂಗುತ್ತ ಹೊರಟರು. ಕೊನೆಗೆ ಸುದ್ದಿ ವೇದಿಕೆಗೂ ಮುಟ್ಟಿ, ಮೈಕು ಅವಳ ಹೆಸರನ್ನು ಎರಡೆರಡು ಸಲ ಹೇಳಿ, "ತಾವು ಎಲ್ಲಿದ್ದರೂ ಕೂಡಲೇ ಬನ್ನಿ ಅಮ್ಮಾ, ತಮಗಾಗಿ ಕಾಯ್ತಾ ಇದ್ದಾರೆ" ಎಂದಿತು.

ಲಿಫ್ಟಣ್ಣ ಬೆಂಚಿನ ತುದಿಯಲ್ಲಿ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರೂ ಸದ್ದು ಮಾಡದ ಹಾಗೆ ಕೂತು ಕೇಳಿಸಿಕೊಂಡ.

ಹತ್ತು ಗಂಟೆಗೆ ನರ್ಸಮ್ಮ ಪೆನ್ನು ತೆಗೆದು ಆ ಹೆಸರಿನ ಮೇಲೆ ಒಂದು ಗೆರೆ ಎಳೆದರು. "ಇವರು ಬರೋ ಹಾಗೆ ಕಾಣಲ್ಲ" ಎಂದು ಯಂತ್ರದ ವೈರುಗಳನ್ನು ಸುತ್ತಿ ಪೆಟ್ಟಿಗೆಗೆ ಹಾಕಿದರು. ಟೆಂಟಿನ ಹಗ್ಗ ಬಿಚ್ಚಿದರು.

ಕೂಗಿ ಕೂಗಿ ಗಂಟಲು ಕಟ್ಟಿಕೊಂಡ ಹೆಡ್‌ಮೇಡಂ ಬಂದು ಬೆರಳು ನೆಟ್ಟಗೆ ಮಾಡಿ ಕೇಳಿದರು.

"ಏನ್ರೀ, ಪರೀಕ್ಷೆ ಆಯ್ತಾ ನಿಮ್ದು?"

ಲಿಫ್ಟಣ್ಣ ಎದ್ದು, ಅಂಗಿಯನ್ನು ಮಡಿಚಿ ಕಂಕುಳಲ್ಲಿಟ್ಟುಕೊಂಡ.

"ಆಯ್ತು ಮೇಡಂ," ಎಂದ. "ಆಯ್ತು ಆಯ್ತು."