ಲ್ಯಾಪ್‌ಟಾಪ್ ಬಂತು, ಸಿಡಿ ಬರಲಿಲ್ಲ

ನಮ್ಮ ಮನಿಗೆ ಯಾವ ವಸ್ತುನೂ ಸುಮ್ಮ ಬರೂದಿಲ್ರಿ. ಮಿಕ್ಸರ್ ಬಂದಾಗ ಓಣಿಗೆ ಓಣಿನ ಬಂದು ನಿಂತಿತ್ತು. ಫೋನ್ ಬಂದಾಗ ಮೂರು ದಿನ ಅದರಾಗ ಯಾರೂ ಮಾತಾಡ್ಲಿಲ್ಲ, ಬರೇ ಎತ್ತಿ ಎತ್ತಿ ಇಟ್ರು. ಲ್ಯಾಪ್‌ಟಾಪ್ ಬಂದಾಗ ಆದದ್ದಂತೂ ಬಸ್ಸಿನ್ಯಾಗ ನೆನಪಾತಂದ್ರ ಒಬ್ಬಾಕಿನ ನಗತೇನಿ, ಬಾಜೂಕಿನವರು ಸರದು ಕುಂದರತಾರ.

ನಾವು ಮುದ್ದೇಬಿಹಾಳದವರು. ಅಪ್ಪಂದು ಹಿಟ್ಟಿನ ಗಿರಣಿ. ಆಗಷ್ಟ ನಂದು ಬಿ.ಕಾಂ ಮುಗದಿತ್ತು. ಬಸವನ ಬಾಗೇವಾಡಿಯ ಒಂದು ಕಂಪ್ಯೂಟರ್ ಕ್ಲಾಸಿನ ಸರ್, "ಸ್ವಂತ ಲ್ಯಾಪ್‌ಟಾಪ್ ಇದ್ರ ಒಂದನೇ ತಾರೀಖಿನಿಂದ ಕಲಿಸಾಕ ಬಾ, ಇಲ್ಲಂದ್ರ ಬ್ಯಾರೇದವರು ರೆಡಿ ಅದಾರ" ಅಂದಿದ್ರು. ಜೀವನದಾಗಿನ ಮೊದಲನೇ ನೌಕರಿ! ಹದಿನೈದು ದಿನ ಅಪ್ಪನ ಬೆನ್ನ ಹತ್ತಿ, ಊಟಾ ಬಿಟ್ಟಂಗ ಮಾಡಿ (ಮಾಡಿದ್ದಷ್ಟ, ಬಿಟ್ಟಿರಲಿಲ್ಲ), ಕಡೀಕ ಬಿಜಾಪುರದ ಒಂದು ಅಂಗಡಿಯಿಂದ ಎಲ್ಲಾದಕ್ಕಿಂತ ಸೋವಿ ಲ್ಯಾಪ್‌ಟಾಪ್ ತಂದ್ವಿ.

ಪಾನಾ ಎಲ್ಲಿ?

ಡಬ್ಬಿ ಬಿಚ್ಚಿದ್ದು ಗಿರಣ್ಯಾಗ, ಹಿಟ್ಟು ಬೀಸಾಕ ಬಂದ ಹೆಣ್ಣಮಕ್ಕಳ ಪಾಳಿ ಮುಂದ. ಲ್ಯಾಪ್‌ಟಾಪ್ ಬಂತು, ಚಾರ್ಜರ್ ಬಂತು, ಒಂದು ಕಾಗದ ಬಂತು. ಅಪ್ಪ ಡಬ್ಬಿ ಡಬ್ಬ ಹಾಕಿ ಬಡದ. ಏನೂ ಬೀಳಲಿಲ್ಲ.

"ಇದರ ನಟ್ಟು ಬಿಚ್ಚೂ ಪಾನಾ ಎಲ್ಲಿ?"

"ಇದಕ್ಕ ಪಾನಾ ಇರೂದಿಲ್ಲಪಾ."

"ಹುಚ್ಚಿ, ಹೊಲಿಗಿ ಮಷಿನ್ ತಂದ್ರ ಎಣ್ಣಿ ಡಬ್ಬಿ ಬರತೈತಿ. ಪಂಪ್‌ಸೆಟ್ ತಂದ್ರ ಪಾನಾ ಪಕ್ಕಡ ಬರತಾವ. ನಾಳೆ ಇದು ಕೆಟ್ಟು ನಿಂತ್ರ ಏನ್ ಹಾಕಿ ರಿಪೇರಿ ಮಾಡ್ತಿ?"

ನಾ ಜಾಣಾಕಿ ಆಗಾಕ ಹೋದೆ ನೋಡ್ರಿ. "ಇದಕ್ಕ ಸಿಡಿ ಹಾಕೂದಪಾ. ಕೆಟ್ರ ಸಿಡಿ ಹಾಕಿ ಚಾಲೂ ಮಾಡಿದ್ರ ಸಾಕು, ತಾನ ಎಲ್ಲಾ ಕೇಳತೈತಿ, ಹೊಸಾದರಂಗ ಆಗತೈತಿ!"

"ಹಂಗಾರ ಆ ಸಿಡಿ ಎಲ್ಲಿ?"

ಸಿಡಿ ಇರಲಿಲ್ಲ. ಅಪ್ಪ ಅಲ್ಲೇ ತೀರ್ಪು ಕೊಟ್ಟ. ಎಂಟು ದಿನದಾಗ ಮಾಲು ವಾಪಸ್ ತಗೋತೇವಿ ಅಂತ ಅಂಗಡಿಯಂವ ಹೇಳ್ಯಾನ. ಎಂಟು ದಿನದಾಗ ಸಿಡಿ ಬಂದ್ರ ಲ್ಯಾಪ್‌ಟಾಪ್ ಇರತೈತಿ. ಇಲ್ಲಂದ್ರ ಅದು ಹೋಗಿ ಖಾರಾ ಕುಟ್ಟೂ ಮಷಿನ್ ಬರತೈತಿ. ಪಾಳಿಯೊಳಗಿನ ಹೆಣ್ಣಮಕ್ಕಳು ಒಬ್ಬರೂ ನನ್ನ ಕಡೆ ಆಗಲಿಲ್ರಿ. "ಖಾರದ ಮಷಿನ್ನ ಬರ್ಲಿ ಬಿಡವಾ" ಅಂದ್ರು.

ಹೊಟ್ಟ್ಯಾಗ ಐತಿ

ಕಂಪನಿಗೆ ಫೋನ್ ಹಚ್ಚಿದೆ. ಒಂದು ಒತ್ರಿ, ಎರಡು ಒತ್ರಿ, ಆಮ್ಯಾಲ ಅರ್ಧಾ ತಾಸು ಸಂಗೀತ. ಕಡೀಕ ಒಬ್ಬಾಕಿ ಮೇಡಂ ಬಂದು ಹಿಂದಿಯೊಳಗ ಹೇಳಿದ್ಲು: "ನಾವು ಸಿಡಿ ಕೊಡೂದಿಲ್ಲ. ಎಲ್ಲಾ ಮಷಿನ್ ಒಳಗ ಅಡಗಿಸಿ ಇಟ್ಟೇವಿ. ನಾಲ್ಕು ಖಾಲಿ ಡಿವಿಡಿ ತಂದು ನೀವ ತಗೀಬೇಕು. ಆದ್ರ ನೆನಪಿಡ್ರಿ, ಒಂದ ಸಲ ತಗ್ಯಾಕ ಬರತೈತಿ."

ಗಿರಣಿಗೆ ಓಡಿ ಹೋಗಿ, "ಅಪಾ, ಸಿಡಿ ಅದರ ಹೊಟ್ಟ್ಯಾಗ ಐತಂತ!" ಅಂದೆ.

ಅಪ್ಪ ಸ್ಕ್ರೂಡ್ರೈವರ್ ತಗೊಂಡು ಎದ್ದ. ನಾ ಲ್ಯಾಪ್‌ಟಾಪ್ ಎದಿಗೆ ಅವಚಿಕೊಂಡು ಮೂಲಿಗೆ ನಿಂತು, "ಹಂಗ ತಗ್ಯೂದಲ್ಲಪಾ! ಅದ ತಾನ ನಾಲ್ಕು ಹೊರಗ ಹಾಕತೈತಿ, ತಾಸುಗಟ್ಟಲೆ ಹಿಡೀತೈತಿ, ಒಂದ ಸಲ ಆಗೂದು!" ಅಂತ ಒದರಿದೆ.

ಜ್ವಾಳದ ಬುಟ್ಟಿ ಇಟಗೊಂಡು ಕುಂತಿದ್ದ ಒಬ್ಬಾಕಿ ಅಜ್ಜಿ ನಿಟ್ಟುಸಿರು ಬಿಟ್ಟು, "ನಾಲ್ಕಾ? ಅಯ್ಯ ನನ ಕೂಸ, ಸ್ಕ್ರೂಡ್ರೈವರ್ ಇಡೋ, ಮೊದಲ ಬಿಸಿನೀರ ಕಾಸ್ರಿ" ಅಂದ್ಲು.

ಖಾಲಿ ಯಾಕ ಒಯ್ತಿ?

ಮುದ್ದೇಬಿಹಾಳದಾಗ ಕ್ಯಾಸೆಟ್ ಅಂಗಡಿ ಕಾಕಾನ ಕಡೆ ಹೋದೆ. "ಕಾಕಾ, ನಾಲ್ಕು ಖಾಲಿ ಡಿವಿಡಿ."

ಕಾಕಾ ಚಷ್ಮಾ ಏರಿಸಿದ. "ಖಾಲಿದು? ಯಾಕ, ನಮ್ಮ ಕಡೆ ತುಂಬಿದ್ದು ಇಲ್ಲೇನು?"

"ನನಗ ಖಾಲಿದ ಬೇಕ್ರಿ."

"ತಂಗಿ, ಐದು ರೂಪಾಯಿ ಹೆಚ್ಚಿಗಿ ಕೊಡು, ಒಂದೊಂದರಾಗ ಮೂರು ಮೂರು ಸಿನಿಮಾ ಹಾಕಿ ಕೊಡ್ತೇನಿ. ನಿಮ್ಮಪ್ಪ ನನ್ನ ದೋಸ್ತ. ನಾ ಅವನ ಮಗಳಿಗೆ ಖಾಲಿ ಕೊಟ್ಟು ಕಳಿಸಿದ್ರ ನಾಳೆ ಅವಂಗ ಏನ್ ಮಾರಿ ತೋರಸ್ಲಿ?"

ಮರ್ಯಾದಿಗೆ ಅಂಜಿ ಕಾಕಾ ಕೊಡಲೇ ಇಲ್ರಿ! ಬಾಗೇವಾಡಿಗೆ ಹೋದೆ, ಅಲ್ಲಿ ಸ್ಟೇಷನರಿ ಅಂಗಡ್ಯಾಗ ಮೂರ ಇದ್ವು. ನಾಲ್ಕನೇದ್ದಕ್ಕ ಊರೆಲ್ಲಾ ಅಡ್ಡಾಡಿ, ಸೋತು ಒಂದು ಟಂಟಂ ಆಟೋ ಹತ್ತಿ ಕುಂತೆ. ಕಣ್ಣು ಎತ್ತಿದ್ರ ಡ್ರೈವರ್ ಮುಂದಿನ ಗ್ಲಾಸಿಗೆ ಲಕಲಕ ಅಂತ ಒಂದು ಡಿವಿಡಿ ಜೋತಾಡಾಕತ್ತೇತಿ!

"ಅಣ್ಣಾರ, ಅದರಾಗ ಏನೈತ್ರಿ?"

"ಏನಿಲ್ಲ ತಂಗಿ. ಹೊಸಾದು. ಆರು ತಿಂಗಳಿಂದ ಜೋತಾಡೇತಿ, ಅಷ್ಟ ಕೆಲಸಾ ಮಾಡೇತಿ."

"ನನಗ ಕೊಡ್ರಿ, ನನ್ನ ನೌಕರಿ ಪ್ರಶ್ನೆ!"

"ಗಾಡಿಗೆ ಲಕಲಕ ಅನ್ನೂದು ಏನರೆ ಬೇಕಲ್ಲ?" ಅಂದ. ಚೀಲದಾಗಿನ ನನ್ನ ಕನ್ನಡಿ ತಗದು ಕೊಟ್ಟೆ. ಅಂವ ಅಲ್ಲೇ ಕಟ್ಟಿದ. ಅಲ್ಲಿಂದ ಬಸ್‌ಸ್ಟ್ಯಾಂಡ್ ಮಟಾ ಅಂವ ರಸ್ತೆ ನೋಡಲೇ ಇಲ್ರಿ. ತನ್ನ ಮೀಸಿ ನೋಡಕೊಂತ ಗಾಡಿ ಹೊಡದ. ರಸ್ತೆ ನಾವು ಹಿಂದ ಕುಂತವರು ನೋಡಿದ್ವಿ.

ಗಿರಣಿ ಬಂದ್

ಈಗ ನಮ್ಮ ಮನಿ ಮತ್ತ ಗಿರಣಿ, ಎರಡಕ್ಕೂ ನಡುವ ಒಂದ ಗ್ವಾಡಿ. ಗಿರಣಿ ಚಾಲೂ ಆತಂದ್ರ ಗ್ವಾಡಿ ಮಾಡದಾಗಿನ ಚಾದ ವಾಟಗಾ ತಾವ ನಡಕೊಂತ ತುದಿಗೆ ಬರತಾವ. ಅಂಥಾದರಾಗ ಡಿವಿಡಿ ಬರಿಯೂದು ಹೆಂಗ? ಅಲುಗಾಡಿದ್ರ ಕೆಡತೈತಿ, ಕೆಟ್ರ ಇನ್ನೊಂದು ಸಲ ಇಲ್ಲ. ಅಪ್ಪನ ಕಾಲಿಗೆ ಬಿದ್ದು ಮೂರು ತಾಸು ಗಿರಣಿ ಬಂದ್ ಮಾಡಿಸಿದೆ.

ಪಾಳಿ ಸಿಟ್ಟಿಗೆದ್ದಿತು. "ಹಿಟ್ಟಿಲ್ದ ಇವತ್ತ ನಾವು ಏನ್, ನಿನ್ನ ಸಿಡಿ ಬಡದು ಹಂಚಿನ ಮ್ಯಾಲ ಹಾಕಬೇಕೇನ?" ಅಂತ ಎಲ್ಲಾರೂ ಬುಟ್ಟಿ ಹೊತಗೊಂಡು ನಮ್ಮ ಪಡಸಾಲಿಗೆ ಬಂದು ಕುಂತ್ರು. ಬಂದವರು ಪರದೆ ಮ್ಯಾಲ ಪರ್ಸೆಂಟ್ ಏರೂದು ನೋಡಿದ್ರು. ನಲವತ್ತಕ್ಕ ಸಿಟ್ಟು ಇಳೀತು. ಅರವತ್ತಕ್ಕ ಒಬ್ಬಾಕಿ ಚಾ ಇಟ್ಲು. ಎಂಬತ್ತಕ್ಕ ಚಾ ಬಿಟ್ಟು ಎಲ್ಲಾರೂ ಪರದೆ ಹತ್ತರ ಸರದ್ರು. ತೊಂಬತ್ತೊಂಬತ್ತಕ್ಕ ಬಂದು ನಿಂತು ಬಿಡ್ತು ನೋಡ್ರಿ! ಹತ್ತು ನಿಮಿಷ ಆತು, ಜಪ್ಪಯ್ಯ ಅಂದ್ರೂ ಏಳವಲ್ದು.

ಆ ಅಜ್ಜಿ ನನ್ನ ಬೆನ್ನ ಮ್ಯಾಲ ಕೈ ಇಟ್ಟು ಹೇಳಿದ್ಲು: "ಸಾಕು ಬಿಡ ಯವ್ವಾ, ನೂರಕ್ಕ ತೊಂಬತ್ತೊಂಬತ್ತು ಬಿದ್ದಾವಲ್ಲ. ನಮ್ಮ ಮೊಮ್ಮಗಾ ಮೂವತ್ತೈದಕ್ಕ ಪಾಸ್ ಆಗ್ಯಾನ."

ಹೂಂ ಅಂದೆ

ಅಂತೂ ಆ ಒಂದು ಪರ್ಸೆಂಟೂ ಏರಿ ನಾಲ್ಕೂ ಆದ್ವು. ಏಳನೇ ದಿನ ಕುಣಕೊಂತ ಬಾಗೇವಾಡಿಗೆ ಹೋಗಿ ಸರ್‌ಗೆ, "ಒಂದನೇ ತಾರೀಖಿಗೆ ಬರ್ತೇನ್ರಿ, ಪಾಠಾನೂ ಟೈಪ್ ಮಾಡಿ ಇಟ್ಟೇನಿ" ಅಂತ ಹೇಳಿ ಬಂದೆ. ಮನಿಗೆ ಬಂದ್ರ ಗಿರಣಿ ಮತ್ತ ಬಂದ್. ಅಪ್ಪ ಲ್ಯಾಪ್‌ಟಾಪ್ ಮುಂದ ಪದ್ಮಾಸನ ಹಾಕಿ ಕುಂತಾನ.

"ಬಾ ಬಾ! ನಿನ್ನ ಸಿಡಿ ಖರೇನ ಕೆಲಸಾ ಮಾಡತಾವು ಇಲ್ಲೋ ಪರೀಕ್ಷಾ ಮಾಡಿದೆ. ನೀ ಹೇಳಿದಂಗ, ಹಾಕಿ ಚಾಲೂ ಮಾಡಿದೆ, ಅದ ಕೇಳಿತು, ನಾ ಹೂಂ ಅಂದೆ."

ನಾ ಚೀಲ ಅಲ್ಲೇ ಒಗದೆ. "ಏನ್ ಕೇಳಿತಪಾ?"

"ಇಂಗ್ಲೀಷಿನ್ಯಾಗ ಕೇಳಿತು. ಅಷ್ಟು ಮರ್ಯಾದಿಲೆ ಕೇಳೂ ಮುಂದ ಇಲ್ಲ ಅನ್ನಾಕ ಆಗತೈತೇನು? ಮೂರು ಸಲ ಕೇಳಿತು, ಮೂರೂ ಸಲ ಹೂಂ ಅಂದೆ. ಆಮ್ಯಾಲ ಒಂದೊಂದ ಸಿಡಿ ಬೇಡಿತು, ಹಾಕಿದೆ."

ಅದು ಕೇಳಿದ್ದು, ಇದ್ದದ್ದೆಲ್ಲಾ ಅಳಸ್ಲೇನು ಅಂತ! ಎಲ್ಲಾ ಅಳಿಸಿ ಹೋಗಿತ್ರಿ. ಪಾಠ, ಫೋಟೋ, ಎಲ್ಲಾ. ಪರದೆ ಮ್ಯಾಲ ಒಂದ ಸಾಲು. "ಏನ್ ಬರದೈತಿ ಓದು" ಅಂದ ಅಪ್ಪ.

ಅಳಕೊಂತ ಓದಿದೆ. "ನಿಮ್ಮ ಹೆಸರೇನು ಅಂತ ಕೇಳಾಕತ್ತೇತಿ."

ಅಪ್ಪನ ಮಾರಿ ಬದಲಾತು. "ಏಳು ದಿನ ಹಗಲು ರಾತ್ರಿ ಅದರ ಮುಂದ ಕುಂತಿ. ಈಗ ನೀ ಯಾರು ಅಂತ ಕೇಳತೈತಿ? ನಾಯಿ ಎರಡು ದಿನಕ್ಕ ಗುರ್ತಾ ಹಿಡೀತೈತಿ! ಇಂಥಾ ನೆನಪುಗೇಡಿ ವಸ್ತು ನನ್ನ ಮನ್ಯಾಗ ಬ್ಯಾಡ. ನಾಳೆ ಎಂಟನೇ ದಿನ, ವಾಪಸ್!"

ಹೆಚ್ಚಾತು

ಬಿಜಾಪುರದ ಮಟಾ ಬಸ್ಸಿನ್ಯಾಗ ಎಷ್ಟು ತಿಳಿಸಿ ಹೇಳಿದ್ರೂ ಅಪ್ಪ ಕಿಡಕಿ ಹೊರಗ ನೋಡಿದ. ಅಂಗಡಿಯಂವ ಲ್ಯಾಪ್‌ಟಾಪ್ ಚಾಲೂ ಮಾಡಿ ನೋಡಿ ಖುಷಿ ಆದ. "ಹೊಸಾದು ಇದ್ದಂಗ ಐತಿ, ಕೈ ಸೈತ ಹಚ್ಚಿಲ್ಲ ನೀವು! ತಗೋತೇನ್ರಿ." ನನ್ನ ನೌಕರಿ ಕಣ್ಣ ಮುಂದ ಹಾರಿ ಹೋತು.

ಆಮ್ಯಾಲ ಅಂವ ಪಟ್ಟಿ ಹಿಡದು ಎಣಿಸಿದ. "ಲ್ಯಾಪ್‌ಟಾಪ್, ಚಾರ್ಜರ್, ಕಾಗದ. ಈ ನಾಲ್ಕು ಸಿಡಿ ಯಾವುವ್ರಿ?"

"ಅದರವ" ಅಂದ ಅಪ್ಪ.

"ಇದಕ್ಕ ಸಿಡಿ ಬರೂದಿಲ್ರಿ. ಪಟ್ಟಿಯೊಳಗ ಇಲ್ಲದ್ದು ನಾ ತಗೊಂಡ್ರ ಕಂಪನಿಯವರು ನನ್ನ ಹಿಡೀತಾರ. ಇವನ್ನ ನೀವ ಒಯ್ರಿ, ಲ್ಯಾಪ್‌ಟಾಪ್ ಕೊಡ್ರಿ."

ಅಪ್ಪ ಎದ್ದು ನಿಂತ. "ಏನಂದಿ? ಸಿಡಿ ನಾ ಇಟಗೊಂಡು ಬರೇ ಮಷಿನ್ ಕೊಡಬೇಕಾ? ನಾಳೆ ಇದನ್ನ ಒಯ್ದಂವ, ಇದರ ಸಿಡಿ ಎಲ್ಲಿ ಅಂತ ಕೇಳಿದ್ರ ಯಾರ ಹೆಸರು ಕೆಡತೈತಿ? ನಾ ಅಂಥಾ ಮನಶ್ಯಾ ಅಲ್ಲ. ಕೊಟ್ರ ಜೋಡೀನ ಕೊಡ್ತೇನಿ."

"ಜೋಡಿ ತಗೊಳಾಕ ಬರೂದಿಲ್ರಿ."

"ಬಿಟ್ಟು ಕೊಡಾಕ ಬರೂದಿಲ್ಲ."

ಒಂದು ತಾಸು ಆತ್ರಿ! ಎರಡು ಸಲ ಚಾ ಬಂತು. ಅಂವ ಪಟ್ಟಿ ತೋರಸ್ತಾನ, ಅಪ್ಪ ಸಿಡಿ ತೋರಸ್ತಾನ. ನಾ ಬಾಯಿಗೆ ದುಪಟ್ಟಾ ತುರುಕಿಕೊಂಡು ಮೂಲ್ಯಾಗ ಕುಂತೇನಿ. ಕಡೀಕ ಅಪ್ಪ ಎಲ್ಲಾ ಎತ್ತಿ ಚೀಲಕ್ಕ ಹಾಕಿ, "ನಡಿ ಮಗಳ, ಇವನ ಜೋಡಿ ವ್ಯವಹಾರ ಬ್ಯಾಡ" ಅಂದ.

ಒಂದನೇ ತಾರೀಖಿಗೆ ನಾ ಬಾಗೇವಾಡಿಯೊಳಗ ಪಾಠಾ ಮಾಡಿದೆ. ಆದ್ರ ಆ ಎಂಟನೇ ದಿನ ಬಿಜಾಪುರದಿಂದ ವಾಪಸ್ ಬರೂ ಬಸ್ಸಿನ್ಯಾಗ ಅಪ್ಪ ಲ್ಯಾಪ್‌ಟಾಪ್ ಚೀಲ ಕಾಲಾಗ ಇಟ್ಟು, ನಾಲ್ಕೂ ಸಿಡಿ ತೊಡಿ ಮ್ಯಾಲ ಕೂಸಿನಂಗ ಹಿಡಕೊಂಡು ಕುಂತಿದ್ದ. ಬಾಜೂ ಸೀಟಿನ ಹಿರ್ಯಾ ಬಗ್ಗಿ ನೋಡಿ, "ಏನ್ ಖರೀದಿ ಆತ್ರೀ ಗೌಡ್ರ?" ಅಂತ ಕೇಳಿದ.

ಅಪ್ಪ ಎದಿ ಉಬ್ಬಿಸಿ, "ಸಿಡಿ ಅದಾವ್ರಿ, ಭಾರೀ ಮಾಲು" ಅಂದ. ಆಮ್ಯಾಲ ಕಾಲಾಗಿನ ಚೀಲ ತೋರಿಸಿ, "ಇವುಗಳ ಜೋಡಿ ಒಂದು ಲ್ಯಾಪ್‌ಟಾಪ್ ಬಂದೈತಿ."